ಬೋರ್ಡ್ ಬರೆಯುವ ಅಪ್ಪನ ಜೊತೆ ಮೈಸೂರಿನ ಚಿತ್ರಗಳ ಮುಂದೆ ಮೂರು ದಿನ

ಅಪ್ಪ ಮಂಡ್ಯದಲ್ಲಿ ಮೂವತ್ತೈದು ವರ್ಷ ಬೋರ್ಡ್ ಬರೆದವರು. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಶಾಲೆಯ ಗೋಡೆಗೆ ಭೂಪಟ, ಊರಹಬ್ಬ ಬಂದರೆ ದೇವಸ್ಥಾನದ ಗೋಡೆಗೆ ದೇವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಯಿತು. ಆಮೇಲೆ ನಿಂತೇ ಹೋಯಿತು.

ನಮ್ಮ ನಡುಮನೆಯಲ್ಲಿ ಅವರು ಬರೆದ ಒಂದು ಚಿತ್ರ ಇದೆ. ಕೈಯಲ್ಲಿ ದೀಪ ಹಿಡಿದು ನಿಂತ ಹೆಂಗಸು. ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಹಾಕಿ, ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ಹಾರ್ಡ್‌ಬೋರ್ಡಿಗೆ ಇಳಿಸಿದ್ದು. ನಾನು ಹುಟ್ಟಿದ ವರ್ಷ ಬರೆದದ್ದಂತೆ. ಆಮೇಲೆ ಅಂಥದ್ದೇ ಹತ್ತಾರು ಬರೆದು ಮದುವೆ ಮನೆಗೆ, ಹೋಟೆಲ್ ಗೋಡೆಗೆ ಕೊಟ್ಟಿದ್ದಾರೆ. ಅಸಲಿ ಚಿತ್ರ ಇರುವುದು ಮೈಸೂರಿನಲ್ಲಿ, ನಮ್ಮೂರಿಂದ ಹೆಚ್ಚೆಂದರೆ ನಲವತ್ತೈದು ಕಿಲೋಮೀಟರ್. ಅಪ್ಪ ಅದನ್ನು ಒಂದು ಸಲವೂ ನೋಡಿರಲಿಲ್ಲ.

"ಮೈಸೂರಿಗೆ ಹೋದಾಗೆಲ್ಲ ಪೇಂಟ್ ತರಕ್ಕೆ, ಇಲ್ಲಾ ಆಸ್ಪತ್ರೆಗೆ, ಇಲ್ಲಾ ಮದ್ವೆಗೆ ಹೋಗಿದ್ದು ಕಣ್ ಮಗ. ಚಿತ್ರ ನೋಡಕ್ಕೆ ಅಂತ್ಲೇ ಯಾವತ್ತು ಹೋಗಿದ್ದೆ?" ಅಂದರು.

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಶುಕ್ರವಾರ, ಶನಿವಾರ ರಜೆ ಹಾಕಿದೆ. ಉಳಿಯಲು ಸರಸ್ವತಿಪುರಂನಲ್ಲಿ ಚಿಕ್ಕಮ್ಮನ ಮನೆ ಇತ್ತು.

ಮೊದಲ ದಿನ, ಶುಕ್ರವಾರ

ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತಿದೆವು. ಮೈಸೂರಿಗೆ ನೇರ ಹೋಗದೆ ಶ್ರೀರಂಗಪಟ್ಟಣದಲ್ಲಿ ಇಳಿದೆವು. ಚಿತ್ರ ನೋಡಲು ಹೊರಟವರು ಮಂಡ್ಯ ಜಿಲ್ಲೆಯಲ್ಲೇ ಇರುವ ದರಿಯಾ ದೌಲತ್ ಬಿಟ್ಟು ಮುಂದೆ ಹೋಗುವುದು ಸರಿಯಲ್ಲ ಅನ್ನಿಸಿತ್ತು. ಶಾಲೆಯಲ್ಲಿದ್ದಾಗ ಎಲ್ಲರೂ ಅಲ್ಲಿಗೆ ಟೂರ್ ಹೋಗಿರುತ್ತೇವೆ. ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದಿರುತ್ತೇವೆ. ಗೋಡೆ ನೋಡಿರುವುದಿಲ್ಲ.

ಟಿಪ್ಪು ಈ ಬೇಸಿಗೆ ಅರಮನೆ ಕಟ್ಟಿಸಿದ್ದು 1784ರಲ್ಲಿ. ಹೆಚ್ಚಿನದೆಲ್ಲ ತೇಗದ ಮರ. ಬಿಸಿಲು, ಮಳೆ ಬೀಳದ ಹಾಗೆ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಒಳಗೆ ಏನಿದೆ ಎಂದು ಗೊತ್ತೇ ಆಗುವುದಿಲ್ಲ. ಪರದೆ ದಾಟಿ ಜಗಲಿಗೆ ಕಾಲಿಟ್ಟರೆ ನೆಲ ಒಂದು ಬಿಟ್ಟು ಎಲ್ಲ ಕಡೆ ಬಣ್ಣ. ಕಂಬದ ಮೇಲೆ, ಸೂರಿನ ಮೇಲೆ, ಕಮಾನಿನ ಒಳಮೈಯಲ್ಲಿ ಹೂಬಳ್ಳಿ. ಅಪ್ಪ ಹತ್ತು ನಿಮಿಷ ಬಾಗಿಲಲ್ಲೇ ನಿಂತರು. ತಲೆಯೆತ್ತಿ ನೋಡಿ, "ಸೂರಿಗೆ ಬರೆಯೋದು ಅಂದ್ರೆ ಕತ್ತು ಹೋಯ್ತದೆ ಮಗ. ಬಣ್ಣ ಎಲ್ಲಾ ಮುಖದ ಮೇಲೇ ತೊಟ್ಟಿಕ್ತದೆ" ಅಂದರು. ನನಗೆ ಅದುವರೆಗೆ ಅದು ಹೊಳೆದೇ ಇರಲಿಲ್ಲ.

ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧ ಇದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಯುದ್ಧ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ. ಬೆರಳು ಬಾಯಿಗೆ ಹೋಗಿದೆ. ಅವನ ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿದು ಬೆಂಕಿ ಎದ್ದಿದೆ. ಸುತ್ತಲೂ ಮೈಸೂರಿನ ಕುದುರೆ ದಂಡು ಮುತ್ತಿಕೊಂಡಿದೆ. ಇಂಗ್ಲಿಷರಿಗೆ ಮೀಸೆ ಇಲ್ಲ, ಮೈಸೂರಿನವರಿಗೆಲ್ಲ ಗಿರಿಜಾ ಮೀಸೆ. ಇಷ್ಟು ಗಲಾಟೆ ನಡುವೆ ಟಿಪ್ಪುವಿನ ಕೈಯಲ್ಲಿ ಒಂದು ಕೆಂಪು ಗುಲಾಬಿ! ತೋಟದಲ್ಲಿ ತಿರುಗಾಡಲು ಬಂದವನ ಹಾಗೆ ಅದನ್ನು ಮೂಸುತ್ತಿದ್ದಾನೆ. ಗೆದ್ದವರು ಬರೆಸಿದ ಚಿತ್ರ ಅಲ್ವಾ, ಆ ಗತ್ತು ಗೋಡೆಯಲ್ಲಿ ಎದ್ದು ಕಾಣುತ್ತದೆ.

ಅದೇ ಗೋಡೆಯಲ್ಲಿ ಹೈದರಾಬಾದಿನ ನಿಜಾಮನ ದಂಡೂ ಇದೆ. ಹತ್ತಿರದಲ್ಲಿ ಒಂದು ಹಸು, ಒಂದು ಹಂದಿ. ಹಸುವಿನ ಹಾಗೆ ಬಂದವನು ಹಂದಿಯ ಹಾಗೆ ಹೋದ ಎಂದು ಹಂಗಿಸಲು ಬರೆದದ್ದು ಅಂತ ಹೇಳುತ್ತಾರೆ. ಅಪ್ಪನಿಗೆ ಹಸು ಹಂದಿಗಿಂತ ಕುದುರೆಗಳ ಕಾಲು ಮುಖ್ಯವಾಯಿತು. ನೂರಾರು ಕುದುರೆ, ಒಂದರ ಹಿಂದೆ ಒಂದು. ಮುಂದಿನದಕ್ಕೆ ಪೂರ್ತಿ ಮೈ ಬರೆದು ಹಿಂದಿನವಕ್ಕೆ ಬರೀ ತಲೆ, ಬರೀ ಕಾಲು ಇಟ್ಟು ದಂಡು ಮಾಡಿದ್ದಾರೆ. "ಒಬ್ಬನ ಕೈ ಅಲ್ಲ ಇದು. ಕೋಟು ಬರೆದವನೇ ಬೇರೆ, ಮುಖ ಬರೆದವನೇ ಬೇರೆ ಇರ್ಬೇಕು" ಅಂದರು. ಅವರು ಹೇಳಿದ್ದು ಊಹೆ. ಆದರೆ ನಾಲ್ಕು ಜನ ಹುಡುಗರನ್ನು ಜೊತೆಗಿಟ್ಟುಕೊಂಡು ಗೋಡೆ ಬರೆದವರ ಊಹೆ.

ಈ ಗೋಡೆಗೆ ಒಂದು ಕಥೆ ಇದೆ. ಅದನ್ನು ನಾನು ಮೊದಲೇ ಓದಿಕೊಂಡಿದ್ದೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬೀಳುವ ಮುಂಚೆ ಈ ಯುದ್ಧದ ಚಿತ್ರಕ್ಕೆ ಸುಣ್ಣ ಬಳಿದಿದ್ದರಂತೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷ್ ಸೇನೆಯ ಕರ್ನಲ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ಉಳಿದುಕೊಂಡ, ಚಿತ್ರಗಳನ್ನು ರಿಪೇರಿ ಮಾಡಿಸಿದ. ಅವು ಮತ್ತೆ ಹಾಳಾದವು. 1855ರ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಹಳೆಯ ಚಿತ್ರ ಹೇಗಿತ್ತು ಎಂದು ನೆನಪಿದ್ದ ನಮ್ಮವನೇ ಒಬ್ಬ ಕಲಾವಿದ ಸಿಕ್ಕಿದ್ದನಂತೆ. ಅವನಿಂದ ಬರೆಸಿದ.

ಇದನ್ನು ಹೇಳುತ್ತಿದ್ದ ಹಾಗೆ ಅಪ್ಪ ನನ್ನ ಕಡೆ ತಿರುಗಿದರು. "ನೆನಪಲ್ಲಿ ಇಟ್ಕೊಂಡಿದ್ನಾ? ಇಷ್ಟೂನಾ?"

ಮತ್ತೆ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದರು. ಮಾಸಿದ ಬೋರ್ಡುಗಳಿಗೆ ಅಪ್ಪ ಎಷ್ಟು ಸಲ ಮತ್ತೆ ಬಣ್ಣ ಹಾಕಿದ್ದಾರೋ ಲೆಕ್ಕ ಇಲ್ಲ. ಬೇರೆಯವರು ಬರೆದ ಅಕ್ಷರದ ಮೇಲೆ, ಅವರ ಕೈ ಹೋದ ದಾರಿಯಲ್ಲೇ ತನ್ನ ಕೈ ಓಡಿಸುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಅವತ್ತು ಅದು ನನಗೆ ಅರ್ಥವಾಯಿತು. ಆ ಕಲಾವಿದನ ಹೆಸರು ಅಪ್ಪ ಎರಡು ಸಲ ಕೇಳಿದರು. ನನ್ನ ಹತ್ತಿರ ಹೆಸರು ಇರಲಿಲ್ಲ.

ಪೂರ್ವದ ಗೋಡೆಯಲ್ಲಿ ರಾಜರ, ಪಾಳೆಯಗಾರರ ದರ್ಬಾರಿನ ಚಿತ್ರಗಳಿವೆ. ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡ ಎಲ್ಲ ಇದ್ದಾರೆ. ಅಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು, ಅಪ್ಪನ ಮಂಡಿ ನೋಯುತ್ತಿತ್ತು. ಬೇಗ ನೋಡಿಕೊಂಡು ಹೊರಬಂದೆವು. ಬಸ್ಸಿನಲ್ಲಿ ಮೈಸೂರು ಸೇರಿ, ಚಿಕ್ಕಮ್ಮ ಮಾಡಿಟ್ಟಿದ್ದ ಅವರೆಕಾಳು ಸಾರು, ಮುದ್ದೆ ಉಂಡು ಮಲಗಿದೆವು.

ಎರಡನೇ ದಿನ, ಶನಿವಾರ

ಇವತ್ತು ಜಗನ್ಮೋಹನ ಅರಮನೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕಿಕೊಂಡಿದ್ದರು.

ದೊಡ್ಡ ಅರಮನೆಯಿಂದ ನಡೆದೇ ಹೋಗಬಹುದು, ಅಷ್ಟು ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನದವರು ಇಲ್ಲೇ ಇದ್ದರು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಕೊಟ್ಟ ಸಮಾರಂಭವೂ ಇಲ್ಲೇ ನಡೆಯಿತು. 1915ರಲ್ಲಿ ಚಿತ್ರಶಾಲೆಯಾಯಿತು. ಈಗ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂದು ಹೆಸರು. ಒಳಗೆ ಫೋಟೋ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು. ಫೋನ್ ಚೀಲದಲ್ಲಿದ್ದರೆ ಕಣ್ಣು ಕೆಲಸ ಮಾಡುತ್ತದೆ.

ಒಳಗೆ ನೋಡಲು ಬೇಕಾದಷ್ಟಿದೆ. ಫ್ರಾನ್ಸಿನಿಂದ ಬಂದ ಗಡಿಯಾರ, ಅದರಲ್ಲಿ ಪುಟಾಣಿ ಸೈನಿಕರ ಪರೇಡ್. ಅಕ್ಕಿಕಾಳಿನ ಮೇಲೆ ಬರೆದ ಚಿತ್ರ. ವೀಣೆ, ಪಿಂಗಾಣಿ, ದಂತದ ಕೆಲಸ. ಗೋಡೆಯ ಮೇಲೆ ದಸರಾ ಮೆರವಣಿಗೆ, ಒಡೆಯರ ವಂಶವನ್ನು ಬಿಡಿಸಿದ ಚಿತ್ರ. ಎಲ್ಲವನ್ನೂ ಒಂದೇ ದಿನ ನೋಡುತ್ತೇವೆ ಎಂದು ಹೊರಟರೆ ಯಾವುದೂ ನೆನಪಿರುವುದಿಲ್ಲ. ನಾವು ಮೊದಲೇ ಮಾತಾಡಿಕೊಂಡಿದ್ದೆವು. ರವಿವರ್ಮರ ಕೋಣೆ, ಆಮೇಲೆ ದೀಪದ ಹೆಂಗಸು. ಉಳಿದದ್ದು ದಾರಿಯಲ್ಲಿ ಕಂಡಷ್ಟು.

ರವಿವರ್ಮರು ಅಪ್ಪನ ಪಾಲಿಗೆ ಗುರುವಿನ ಸಮಾನ. 1894ರಲ್ಲಿ ಅವರು ಅಚ್ಚಿನ ಪ್ರೆಸ್ ಶುರುಮಾಡಿ ದೇವರ ಚಿತ್ರಗಳನ್ನು ಅಚ್ಚು ಹಾಕಿಸಿದ್ದರಿಂದ ತಾನೇ ಲಕ್ಷ್ಮಿ, ಸರಸ್ವತಿ ನಮ್ಮ ಮನೆಮನೆಗೂ ಬಂದದ್ದು. ಅಪ್ಪ ಕಲಿತದ್ದೂ ಆ ಅಚ್ಚಿನ ಚಿತ್ರಗಳ ಮುಂದೆ ಕೂತು. ಅವತ್ತು ಅವರು ಮೊದಲ ಸಲ ರವಿವರ್ಮರ ಎಣ್ಣೆಬಣ್ಣದ ಮುಂದೆ ನಿಂತರು.

ಹನ್ನೊಂದು ಜನ ಹೆಂಗಸರು ವಾದ್ಯ ಹಿಡಿದು ಒಟ್ಟಿಗೆ ಕೂತ ಚಿತ್ರ ಇದೆ, 1889ರದ್ದು. ದೇಶದ ಬೇರೆ ಬೇರೆ ಕಡೆಯವರು, ಒಬ್ಬೊಬ್ಬರದು ಒಂದೊಂದು ಥರದ ಉಡುಪು. ನಾನು ಮುಖ ನೋಡುತ್ತಿದ್ದೆ. ಅಪ್ಪ ಸೀರೆ ಅಂಚು ನೋಡುತ್ತಿದ್ದರು. "ದೂರದಿಂದ ಜರಿ ಅನ್ನಿಸ್ತದೆ. ಹತ್ರ ಬಂದು ನೋಡು. ಬರೀ ಹಳದಿ ಚುಕ್ಕೆ, ಅದರ ಪಕ್ಕದಲ್ಲಿ ಒಂದು ಕಂದು ಗೆರೆ. ಅಷ್ಟೇಯ." ಹೋಗಿ ನೋಡಿದೆ. ನಿಜ. ಎರಡು ಹೆಜ್ಜೆ ಹಿಂದೆ ಬಂದೆ, ಮತ್ತೆ ಜರಿಯಾಯಿತು. ಹೀಗೆ ಹಿಂದೆ ಮುಂದೆ ಐದಾರು ಸಲ ಹೋಗಿ ಬಂದಿದ್ದೇನೆ. ಚಿತ್ರ ನೋಡಲು ಹೋಗುವವರು ಇದೊಂದು ಮಾಡಿ ನೋಡಿ. ಅಚ್ಚಿನಲ್ಲಿ, ಮೊಬೈಲಿನಲ್ಲಿ ಇದು ಆಗುವುದಿಲ್ಲ.

ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಮೈಸೂರು ಅರಮನೆಗಾಗಿ ಪುರಾಣದ ಚಿತ್ರಗಳನ್ನು ಬರೆದದ್ದು ಅವರ ಕೊನೆಯ ಒಂದೆರಡು ವರ್ಷಗಳಲ್ಲೇ. ರಾವಣ ಜಟಾಯುವಿನ ರೆಕ್ಕೆ ಕಡಿಯುವ ಚಿತ್ರದ ಮುಂದೆ ಅಪ್ಪ ಕೈಮುಗಿದರು. ಊರಿನ ರಾಮಮಂದಿರಕ್ಕೆ ಅದನ್ನು ನೋಡಿ ಬರೆದಿದ್ದರು, ಅದೂ ಕ್ಯಾಲೆಂಡರಿನಿಂದಲೇ.

ಆಮೇಲೆ ದೀಪದ ಹೆಂಗಸು.

ಅದಕ್ಕೆಂದೇ ಮಬ್ಬುಗತ್ತಲಿನ ಒಂದು ಜಾಗ ಇದೆ. ಒಳಗೆ ಹೋದ ತಕ್ಷಣ ಏನೂ ಕಾಣಲಿಲ್ಲ. ನಿಧಾನಕ್ಕೆ ಅವಳು ಕಂಡಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳ ಸಂದಿಯಲ್ಲಿ ಕೆಂಪು. ಕತ್ತಲಲ್ಲಿ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಚರ್ಮದ ಒಳಗಿಂದ ಬರುತ್ತದಲ್ಲ, ಆ ಕೆಂಪು. ಬೆಳಕು ಅಲ್ಲಿಂದ ಎದ್ದು ಗಲ್ಲಕ್ಕೆ, ಮೂಗಿಗೆ, ಹಣೆಗೆ ಹೋಗಿ ಕಮ್ಮಿಯಾಗುತ್ತದೆ. ಅವಳು ನಮ್ಮನ್ನು ನೋಡುತ್ತಿಲ್ಲ. ದೀಪ ಆರಬಾರದು, ಅಷ್ಟೇ ಅವಳ ಗಮನ.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಜನ ಬಂದರು, ಹೋದರು. ಒಂದು ಶಾಲೆಯ ಮಕ್ಕಳು "ರವಿವರ್ಮ, ರವಿವರ್ಮ" ಎಂದು ಕೂಗಿಕೊಂಡು ಬಂದು ಹೋದರು.

ಅದು ರವಿವರ್ಮರದಲ್ಲ. ಇದನ್ನು ಅಪ್ಪನಿಗೆ ಹೇಗೆ ಹೇಳುವುದು ಎಂದು ನಾನು ಎರಡು ದಿನದಿಂದ ಯೋಚಿಸುತ್ತಿದ್ದೆ. ಯಾಕೆಂದರೆ ನಮ್ಮ ಮನೆಯ ಚಿತ್ರದ ಕೆಳಗೆ ಅಪ್ಪ ತಮ್ಮ ಚೆಂದದ ಅಕ್ಷರದಲ್ಲಿ 'ರಾಜಾ ರವಿವರ್ಮ' ಎಂದು ಬರೆದಿದ್ದಾರೆ. ಇದನ್ನು ಬರೆದವರು ಎಸ್. ಎಲ್. ಹಲ್ದಂಕರ್. ಮಹಾರಾಷ್ಟ್ರದ ಸಾವಂತವಾಡಿಯವರು, 1882ರಲ್ಲಿ ಹುಟ್ಟಿದವರು. ದೀಪಾವಳಿಯಲ್ಲಿ ಮಗಳು ಗೀತಾ ಹೊಸ ಸೀರೆ ಉಟ್ಟು ದೀಪಕ್ಕೆ ಕೈ ಮರೆ ಮಾಡಿಕೊಂಡು ಬಂದದ್ದನ್ನು ನೋಡಿ ಅವಳನ್ನೇ ನಿಲ್ಲಿಸಿಕೊಂಡು ಬರೆದರಂತೆ. 1945ರ ಸುಮಾರಿನ ಚಿತ್ರ. ಆ ಮಗಳು ನೂರು ದಾಟಿ ಬದುಕಿದ್ದರು, 2018ರಲ್ಲಿ ತೀರಿಕೊಂಡರು.

ಹೇಳಿದೆ. ಅಪ್ಪ ತಲೆ ಆಡಿಸಿದರು. "ಮಗಳಾ?" ಅಂದರು. ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಹೇಳಿದೆ. ಇದು ಎಣ್ಣೆಬಣ್ಣವೂ ಅಲ್ಲ, ವಾಟರ್ ಕಲರ್.

ಈಗ ಅವರು ನಿಜವಾಗಿ ಬೆಚ್ಚಿದರು. ಯಾಕೆ ಅಂತ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ವಿವರಿಸಿದರು. ಎನಾಮೆಲ್ ಆದರೆ ಮೊದಲು ಕತ್ತಲು ತುಂಬಿಸಿ, ಆಮೇಲೆ ಅದರ ಮೇಲೆ ಹಳದಿ, ಬಿಳಿ ಇಟ್ಟು ಬೆಳಕು ತರುತ್ತಾರೆ. ತಪ್ಪಾದರೆ ಒಣಗಿದ ಮೇಲೆ ಮತ್ತೆ ಬಳಿಯಬಹುದು. ನೀರಿನ ಬಣ್ಣದಲ್ಲಿ ಅದು ನಡೆಯುವುದಿಲ್ಲ. ಬೆಳಕು ಎಲ್ಲಿ ಬೇಕೋ ಅಲ್ಲಿ ಕಾಗದವನ್ನು ಹಾಗೇ ಬಿಡಬೇಕು. ಮೊದಲಿಂದಲೇ ಬಿಟ್ಟುಕೊಂಡು ಬರಬೇಕು. ಸುತ್ತಲೂ ಅಷ್ಟು ಕತ್ತಲು ತುಂಬಿಸುವಾಗ ಒಂದು ಹನಿ ಆ ಕಡೆ ಹರಿದರೆ ಮುಗಿಯಿತು.

"ಮೂವತ್ತು ವರ್ಷ ನಾನು ಬೆಳಕು ಮೆತ್ತಿದ್ದೆ ಮಗ. ಅವ್ರು ಬೆಳಕ್ನ ಬುಟ್ಟವ್ರೆ" ಅಂದರು.

ಸಂಜೆ ಚಿಕ್ಕಮ್ಮನಿಗೆ ಪರಿಚಯದ ಒಬ್ಬ ಕಲಾವಿದೆಯ ಮನೆಗೆ ಹೋದೆವು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುವವರು. ಪಡಸಾಲೆಯೇ ಕೆಲಸದ ಜಾಗ. ನಾವು ಹೋದಾಗ ಫ್ಯಾನ್ ಆಫ್ ಮಾಡಿಕೊಂಡು ಬೆವರುತ್ತಾ ಕೂತಿದ್ದರು. ಚಿನ್ನದ ರೇಕು ಅಂಟಿಸುತ್ತಿದ್ದರು. ಉಸಿರು ಬಿಟ್ಟರೂ ಹಾರುವಷ್ಟು ತೆಳು ಅದು.

ಹಿಂದೆ ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ಗೆರೆ ಹಾಕುತ್ತಿದ್ದರಂತೆ. ಒಡವೆ, ಕಿರೀಟ, ಕಮಾನು ಬರುವ ಕಡೆಗೆಲ್ಲ ಮಕ್ಕಿ ಸಫೇದದ ಕೆಲಸ. ಬಿಳಿ ಪುಡಿ, ಮಕ್ಕಿ ಹಳದಿ, ಗೋಂದು ಸೇರಿಸಿ ನುಣ್ಣಗೆ ಅರೆದು, ತೆಳು ಬ್ರಷ್ಷಿನಲ್ಲಿ ಎಳೆ ಎಳೆಯಾಗಿ ಉಬ್ಬು ಎಬ್ಬಿಸುತ್ತಾರೆ. ಅದರ ಮೇಲೆ ರೇಕು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನದ್ದು ಹಾಗಲ್ಲ. ಬೆರಳಾಡಿಸಿದರೆ ತಿಳಿಯಬೇಕು, ಅಷ್ಟು ಸಣ್ಣ.

ಅವರ ಹತ್ತಿರ ಹಳೆಯ ರೇಖಾಚಿತ್ರಗಳ ಒಂದು ಕಟ್ಟು ಇತ್ತು. ಅವರ ಗುರುಗಳು ಕೊಟ್ಟದ್ದು, ಅವರಿಗೆ ಅವರ ಗುರುಗಳು. ಅಪ್ಪ ಸಂಕೋಚದಿಂದಲೇ ಕೇಳಿದರು, "ನೋಡ್ಕೊಂಡು ಬರೆಯೋದಾ ಅಮ್ಮ ನೀವೂ?"

"ನೋಡ್ಕೊಂಡೇ ಅಣ್ಣ. ರಾಜರಾಜೇಶ್ವರಿ ಹೀಗೇ ಕೂರಬೇಕು, ಕೈಯಲ್ಲಿ ಇದೇ ಇರಬೇಕು. ಅದನ್ನ ನಾನು ಬದಲಾಯಿಸೋ ಹಾಗಿಲ್ಲ. ಆದ್ರೆ ಕಣ್ಣು ಮಾತ್ರ ನಂದು" ಅಂದರು.

ಬೇಡವಾದ ಒಂದು ತುಂಡು ಬೋರ್ಡಿನ ಮೇಲೆ ಅಪ್ಪನಿಗೆ ಬ್ರಷ್ ಕೊಟ್ಟರು. ಅಪ್ಪ ಎಡಗೈ ಮುಷ್ಟಿಯ ಮೇಲೆ ಬಲಗೈ ಮಣಿಕಟ್ಟು ಊರಿ, ಒಂದೇ ಉಸಿರಿನಲ್ಲಿ ಗೆರೆ ಎಳೆದರು. ಆ ತಾಯಿ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಷ್ಟು ವರ್ಷದ ಕೈ ಅಣ್ಣ ಇದು?" ಅಂತ ಕೇಳಿದರು. ನನಗೆ ಕಣ್ಣು ತುಂಬಿ ಬಂತು.

ಮೂರನೇ ದಿನ, ಭಾನುವಾರ

ಭಾನುವಾರ ಅರಮನೆಯಲ್ಲಿ ಜನ ಜಾಸ್ತಿ. ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಸುಟ್ಟುಹೋದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸದ ಈ ಅರಮನೆ ಎದ್ದು 1912ರಲ್ಲಿ ಮುಗಿಯಿತು. ಅದರ ಬಗ್ಗೆ ಎಲ್ಲರಿಗೂ ಗೊತ್ತು, ನಾನು ಹೊಸದಾಗಿ ಹೇಳುವುದು ಬೇಡ. ನಮಗೆ ಬೇಕಿದ್ದದ್ದು ಕಲ್ಯಾಣ ಮಂಟಪ.

ಅಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ. ಗ್ಲಾಸ್ಗೋದಿಂದ ಬಂದ ಕಬ್ಬಿಣದ ಕಂಬ, ನವಿಲುಗಳ ಬಣ್ಣದ ಗಾಜು. ನೋಡಬೇಕಾದದ್ದೇ. ಆದರೆ ಸುತ್ತಲ ಗೋಡೆಯಲ್ಲಿ 26 ಚಿತ್ರಗಳಿವೆ. ದಸರಾ ಮೆರವಣಿಗೆ. ಫೋಟೋಗಳನ್ನು ಆಧಾರವಾಗಿ ಇಟ್ಟುಕೊಂಡು ಅರಮನೆಯ ಕಲಾವಿದರು ಬರೆದದ್ದು. ಕುದುರೆ ಸವಾರರು, ಬ್ಯಾಂಡಿನವರು, ಆನೆಗಳು, ಅಂಬಾರಿ. ಒಂದು ಚಿತ್ರ ಮುಗಿದಲ್ಲಿ ಇನ್ನೊಂದು ಶುರು. ಗೋಡೆಯುದ್ದಕ್ಕೂ ನಾವು ನಡೆದ ಹಾಗೆ ಮೆರವಣಿಗೆಯೂ ನಮ್ಮ ಜೊತೆ ನಡೆಯುತ್ತದೆ.

ಅಪ್ಪ ಮಹಾರಾಜರನ್ನು ಬಿಟ್ಟು ಜನರನ್ನು ನೋಡಿದರು. ರಸ್ತೆ ಬದಿಯಲ್ಲಿ ನಿಂತವರು, ಪೇಟದವರು, ಟೋಪಿಯವರು. ಒಬ್ಬೊಬ್ಬರಿಗೂ ಒಂದೊಂದು ಮುಖ. "ಇವ್ರನ್ನ ಸುಮ್ನೆ ಚುಕ್ಕೆ ಇಟ್ಟು ಬುಡಬಹುದಾಗಿತ್ತು. ಯಾರು ಕೇಳ್ತಿದ್ರು? ಬುಟ್ಟಿಲ್ಲ ನೋಡು" ಅಂದರು. ಶ್ರೀರಂಗಪಟ್ಟಣದ ಗೋಡೆಯಲ್ಲಿ ನೂರು ಸಿಪಾಯಿಗಳಿಗೆ ಒಂದೇ ಮುಖ. ಇಲ್ಲಿ ಕ್ಯಾಮೆರಾ ಬಂದ ಮೇಲೆ ಸಾಲಿನಲ್ಲಿ ನಿಂತವನಿಗೂ ತನ್ನದೇ ಮುಖ ಸಿಕ್ಕಿದೆ. ಎರಡು ಗೋಡೆಗಳನ್ನು ಎರಡು ದಿನದ ಅಂತರದಲ್ಲಿ ನೋಡಿದ್ದರಿಂದ ಇದು ಹೊಳೆಯಿತು. ನೀವೂ ಹೋದರೆ ದರಿಯಾ ದೌಲತ್ ಮೊದಲು ನೋಡಿ.

ದರ್ಬಾರ್ ಹಾಲಿನಲ್ಲಿ ಶಿಲ್ಪಿ ಸಿದ್ಧಲಿಂಗಸ್ವಾಮಿಯವರು ಬರೆದ ದೇವಿಯ ಚಿತ್ರಗಳಿವೆ. ಅಲ್ಲಿ ಜನರ ನೂಕುನುಗ್ಗಲು. ನಿಲ್ಲಲು ಆಗಲಿಲ್ಲ.

ಮಧ್ಯಾಹ್ನ ಮಾನಸಗಂಗೋತ್ರಿಗೆ ಹೋಗಿ ಜಯಲಕ್ಷ್ಮೀ ವಿಲಾಸದ ಜಾನಪದ ಸಂಗ್ರಹ, ಅಲ್ಲಿನ ತೊಗಲುಬೊಂಬೆ ನೋಡಬೇಕು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಊಟ ಮಾಡುತ್ತಾ ಅಪ್ಪ ಕೇಳಿದರು, "ಆ ಹೆಂಗಸ್ನ ಇನ್ನೊಂದ್ಸಲ ನೋಡಬಹುದಾ ಮಗ? ಟಿಕೆಟ್ ದುಡ್ಡು ನಾ ಕೊಡ್ತೀನಿ."

ಮತ್ತೆ ಜಗನ್ಮೋಹನ. ಈ ಸಲ ಬೇರೆ ಯಾವುದರ ಮುಂದೆಯೂ ನಿಲ್ಲಲಿಲ್ಲ. ನೇರ ಆ ಮಬ್ಬುಗತ್ತಲಿಗೆ. ಅಪ್ಪ ದೀಪ ನೋಡಲಿಲ್ಲ, ಮುಖ ನೋಡಲಿಲ್ಲ. ಅವಳ ಹಿಂದಿನ ಗೋಡೆ ನೋಡಿದರು. ಅಲ್ಲಿ ಅವಳ ನೆರಳಿದೆ. ನಮ್ಮ ಮನೆಯ ಚಿತ್ರದಲ್ಲಿ ಹಿಂದೆಲ್ಲ ಬರೀ ಕಪ್ಪು. ಅಪ್ಪ ನೋಡಿ ಬರೆದ ಕ್ಯಾಲೆಂಡರಿನಲ್ಲಿ ಹಿಂದೆ ಕಪ್ಪು ಮಸಿಯೇ ತುಂಬಿತ್ತಂತೆ. ಅಷ್ಟು ವರ್ಷ ಆ ನೆರಳು ಅವರಿಗೆ ಗೊತ್ತೇ ಇರಲಿಲ್ಲ.

"ನೆರಳು ಇದ್ದದ್ದಕ್ಕೆ ಗೋಡೆ ಅದೆ. ಗೋಡೆ ಇದ್ದದ್ದಕ್ಕೆ ಅವಳು ಮನೆ ಒಳಗವ್ಳೆ. ನಾನು ಅವಳ್ನ ಕತ್ತಲಲ್ಲಿ ನಿಲ್ಸಿಬುಟ್ಟಿದ್ದೆ" ಅಂದರು.

ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ನಾವು ಕಾಯಲಿಲ್ಲ, ರೈಲಿನ ಹೊತ್ತಾಗಿತ್ತು. ಕಾವೇರಿ ಸೇತುವೆ ದಾಟುವಾಗ ಅಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು.

ಮಾರನೇ ದಿನ ಬೆಳಗ್ಗೆ ನಾನು ಕಾಫಿ ಹಿಡಿದು ಬಂದಾಗ ನಡುಮನೆಯ ಮೊಳೆ ಖಾಲಿ ಇತ್ತು. ಚಿತ್ರ ಜಗಲಿಯ ಮೇಲೆ ಗೋಡೆಗೆ ಒರಗಿತ್ತು. ಟರ್ಪೆಂಟೈನ್ ವಾಸನೆ. ಕೆಳಗಿದ್ದ 'ರಾಜಾ ರವಿವರ್ಮ'ದ ಮೇಲೆ ಕಪ್ಪು ಬಳಿದು ಒಣಗಲು ಬಿಟ್ಟಿದ್ದರು. ಅಪ್ಪ ಸೀಮೆಸುಣ್ಣದ ದಾರ ಹಿಡಿದು ಮೇಲೊಂದು ಕೆಳಗೊಂದು ಗೆರೆ ಹೊಡೆದು, ಸಣ್ಣ ಬ್ರಷ್ಷಿನ ಕೂದಲನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು.

"ಹಲ್ದಂಕರ್ ಅಂತ ಹೆಂಗ್ ಬರೀಬೇಕು ಮಗ, ಒಂದೊಂದೇ ಅಕ್ಷರ ಹೇಳು" ಅಂದರು.